ಅತಿಥಿಗೆ ಹೇಳದ ನೋವು

ಅಂದು ಬೆಳಿಗ್ಗೆ ಯಜಮಾನರ ಡಬ್ಬಿ ಕಟ್ಟಿ, ಅವರನ್ನು ಮುಂಬಯಿಯ ಮುಲುಂಡ್ ಸ್ಟೇಷನ್ನಿಗೆ ಅಟ್ಟಿ, ಬಾಲ್ಕನಿಯ ತುಳಸಿಗೆ ನೀರು ಹಾಕಿ, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟೆ. ಗುಣವಾಗದ ಕಾಯಿಲೆಯವರ ನೋವು ಇಳಿಸಲು ಮನೆಮನೆಗೆ ಹೋಗುವ ನಮ್ಮ ಪುಟ್ಟ ತಂಡಕ್ಕೆ ಸ್ಕಾಟ್ಲೆಂಡಿನ ಒಂದು ಆಸ್ಪತ್ರೆಯವರು ಜೊತೆಯಾಗಿದ್ದರು. ಕಲಿಸಲು ಬಂದಿದ್ದ ಅಲ್ಲಿಯ ನರ್ಸಿಗೆ ನಾನು ದುಭಾಷಿ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಅಂತೂ ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು.

ಮೊದಲ ಮನೆ ನಮ್ಮ ಬಿಲ್ಡಿಂಗಿನದೇ. ವಿಜಯಪುರದ ಕಡೆಯ ಅಜ್ಜಿ. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಅತ್ತೆ ನೋವಿಗೆ ರಾತ್ರಿಯಿಡೀ ನಿದ್ದೆ ಮಾಡುತ್ತಿಲ್ಲ ಎಂದು ಸೊಸೆ ಹೇಳಿ ಕಳಿಸಿದ್ದಳು. ಔಷಧಿ ಹೆಚ್ಚಿಸುವುದು ಬಿಡುವುದು ನೋವು ಎಷ್ಟೆಂಬ ಅಜ್ಜಿಯ ಉತ್ತರದ ಮೇಲಿತ್ತು.

ನಾವು ಹೋಗುವಷ್ಟರಲ್ಲಿ ಅಜ್ಜಿ ತಲೆ ಬಾಚಿಸಿಕೊಂಡು, ಇಳಕಲ್ ಸೀರೆಯಲ್ಲಿ, ಸೋಫಾದ ಮೇಲೆ ನೆಟ್ಟಗೆ ಕೂತಿದ್ದರು. ಉಪ್ಪಿಟ್ಟು, ಚಹಾ ಬಂದವು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ನರ್ಸ್ ತನ್ನ ಪದ್ಧತಿಯಂತೆ ಕೇಳಿದಳು.

"ಆರಾಮ್ ಅದೀನಿ. ಸೊನ್ನಿ ಬರಕೋ ಅನ್ರಿ," ಎಂದರು ಅಜ್ಜಿ. "ಅಕಿಗೆ ಇನ್ನೊಂಚೂರು ಉಪ್ಪಿಟ್ಟು ಹಾಕ್ರಿ, ಕಡ್ಡಿ ಆಗ್ಯಾಳ."

ನರ್ಸ್ ಸೊನ್ನೆ ಬರೆದಳು. ನನ್ನ ಕಣ್ಣು ಮಾತ್ರ ಅಜ್ಜಿಯ ಪಾದಗಳ ಮೇಲಿತ್ತು. ಬೆರಳುಗಳು ಕೆಳಗೆ ಹಾಸಿದ್ದ ಚಾಪೆಯನ್ನು ಕಚ್ಚಿ ಹಿಡಿದಿದ್ದವು.

ನರ್ಸನ್ನು ಸೊಸೆಯ ಜೊತೆ ಅಡುಗೆಮನೆಗೆ ಕಳಿಸಿ, ಅಜ್ಜಿಯ ಹತ್ತಿರ ನೆಲಕ್ಕೆ ಕೂತೆ. "ಖರೇ ಹೇಳ್ರಿ, ಅಜ್ಜಿ."

"ಖರೇ ಅಂದ್ರ ಒಂಬತ್ತು. ಸಮುದ್ರ ದಾಟಿ ಬಂದಾಳ ಪಾಪ. ಬಂದವರ ಮುಂದ ಯಾರರ ನರಳ್ತಾರೇನ?"

ನರ್ಸನ್ನು ಕರೆದು ಹೇಳಿದೆ. ಅವಳು ನಕ್ಕಳು. ಸೊನ್ನೆಯನ್ನು ಹೊಡೆದುಹಾಕಿ ತಾನೂ ಚಾಪೆಗೆ ಇಳಿದಳು. ಇನ್ನು ಮುಂದೆ ತಾನು ಅತಿಥಿಯಲ್ಲ, ಸೋಫಾ ಬೇಡ, ಚಹಾವೂ ಬೇಡ ಎಂದಳು. ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

"ಚಹಾ ಒಲ್ಲೆ ಅಂದ್ರ ನಾ ಬಾಯೇ ಬಿಡೂದಿಲ್ಲ," ಎಂದರು ಅಜ್ಜಿ.

ಹಾಗಾಗಿ ಅಲ್ಲೇ ಒಪ್ಪಂದವಾಯಿತು: ಮೊದಲು ಚಹಾ, ಆಮೇಲೆ ನೆಲದ ಮೇಲೆ ಕೂತು ಪ್ರಶ್ನೆ. ಈಗ ನಮ್ಮ ತಂಡ ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತದೆ. ತನ್ನ ಊರಲ್ಲೂ ಇದನ್ನು ಹೇಳಿಕೊಡುವುದಾಗಿ ಹೇಳಿದಳು ನರ್ಸ್. ಅಂದು ನಮ್ಮ ಡಾಕ್ಟರು ಫೋನಿನಲ್ಲೇ ಔಷಧಿಯ ಅಳತೆ ಹೆಚ್ಚಿಸಿದರು. ಔಷಧಿಯ ಮೊದಲ ಗುಟುಕನ್ನು ಅಜ್ಜಿ ನಮ್ಮೆದುರೇ ಕುಡಿದರು.

ಸಂಜೆ ತರಕಾರಿ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತಿದ್ದಾಗ, ಅಜ್ಜಿಯ ಪಕ್ಕದ ಮನೆಯ ಮಂಗಳೂರಿನ ಹೆಂಗಸು ಸಿಕ್ಕಿದರು.

"ಏನು ಮದ್ದು ಕೊಟ್ಟಿರಿ ಮಾರಾಯ್ರೆ ಆ ಅಜ್ಜಿಗೆ? ಮಧ್ಯಾಹ್ನ ಇಡೀ ಗೊರಕೆ, ಎದ್ದ ಮೇಲೆ ಸಾರಿಗೆ ಉಪ್ಪಿಲ್ಲ ಅಂತ ಸೊಸೆಗೆ ಬೈಗುಳ. ಗೋಡೆಯ ಈಚೆ ನನ್ನ ಸೀರಿಯಲ್ ಒಂದಕ್ಷರ ಕೇಳಿಸಲಿಲ್ಲ!"