ಸರದಿ ಕೇಳಲು ಬಂದ ಚಿಕ್ಕಪ್ಪ

“ಸಾರ್, ನಮ್ಮ ಬಿ.ಕಾಂ. ಕ್ಲಾಸಿನಲ್ಲಿ ನಾಟಕ ಆಡಿಸುತ್ತಿದ್ದಾರೆ. ಬಂದು ನೋಡಿ. ನೀವು ಬೇಡ ಅಂದರೆ ಇವತ್ತೇ ನಿಲ್ಲಿಸಿಬಿಡುತ್ತೇನೆ.”

ಹೀಗೆಂದವರು ಭಾರತೀನಗರದ ಕಾಲೇಜೊಂದರ ಪ್ರಿನ್ಸಿಪಾಲರು. ನಾನು ಅದರ ಆಡಳಿತ ಸಮಿತಿಯಲ್ಲಿದ್ದೇನೆ. ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಕಾಗೆಯೂ ಕೂಗಬಾರದು ಎನ್ನುವ ನಿವೃತ್ತ ಹೆಡ್‌ಮಾಸ್ಟರ್ ನಾನು. ಬೇಡ ಅನ್ನುವುದಕ್ಕೆಂದೇ ಹೊರಟೆ.

ನಾಟಕ ಆಡಿಸುತ್ತಿದ್ದವರು ಹೊಸದಾಗಿ ಸೇರಿದ ತರುಣ ಲೆಕ್ಚರರ್. ನನ್ನನ್ನು ಕಂಡು ಅವರ ಮುಖ ಬಾಡಿತು. ಆದರೂ ಪಾಠ ನಿಲ್ಲಿಸಲಿಲ್ಲ. ವಿಷಯ, ಬಿಸಿನೆಸ್ ಮ್ಯಾನೇಜ್‌ಮೆಂಟ್.

ಮೇಜಿನ ಹಿಂದೆ ಬೆಲ್‌ಬಾಟಂ ತೊಟ್ಟ ಚಂದ್ರು. ನಾಟಕದಲ್ಲಿ ಅವನು ಸಕ್ಕರೆ ಕಾರ್ಖಾನೆಯ ಅಧಿಕಾರಿ. ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಸರದಿ ಅವನ ಕೈಯಲ್ಲಿ. ತಲೆಗೆ ಟವೆಲ್ ಸುತ್ತಿಕೊಂಡ ಸಹಪಾಠಿ ಬೋರೇಗೌಡ, ಕಬ್ಬು ಬೆಳೆದ ರೈತ.

ರೈತ ಒಳಗೆ ಕಾಲಿಟ್ಟ. ಅಧಿಕಾರಿ ದಡಕ್ಕನೆ ಎದ್ದು ನಿಂತ!

ಕ್ಲಾಸೆಲ್ಲ ನಗು. ಯಾಕೆ ಗೊತ್ತೇ? ಇಬ್ಬರೂ ಹತ್ತಿರದ ಕೊಪ್ಪದವರು. ವಯಸ್ಸು ಒಂದೇ ಆದರೂ ವರಸೆಯಲ್ಲಿ ಬೋರೇಗೌಡ ಚಂದ್ರುವಿಗೆ ಚಿಕ್ಕಪ್ಪ. ಚಿಕ್ಕಪ್ಪ ಬಂದಾಗ ಕೂತಿರುವುದುಂಟೆ?

‘ನೋಡಿದಿರಾ?’ ಎಂಬಂತೆ ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. ಲೆಕ್ಚರರ್ ಮಾತ್ರ ನಗಲಿಲ್ಲ.

“ನಾಳೆ ನಿಜವಾದ ಕುರ್ಚಿಯಲ್ಲಿ ಕೂತಾಗಲೂ ಚಿಕ್ಕಪ್ಪ ಬರ್ತಾರೆ ಚಂದ್ರು. ಆಗೇನು ಮಾಡ್ತೀಯ? ಮುಂದುವರಿಸು.”

ಬೋರೇಗೌಡ ಮೇಜಿಗೆ ಒರಗಿದ. “ಮಗಳ ಮದ್ವೆ ಕಣ್ಲಾ, ನಿಂಗೂ ತಂಗಿ ಆಗ್ಬೇಕು. ನನ್ ಕಬ್ಬ ಮೊದ್ಲು ಕಡುಸ್ಬುಡು.”

“ಆಗಾಕಿಲ್ಲ ಚಿಕ್ಕಪ್ಪ. ನಿನ್ಗಿಂತ ಮುಂದೆ ಜನ ಅವ್ರೆ.”

“ನಮ್ಮಟ್ಟೀಲಿ ಉಂಡು ಬೆಳ್ದೋನು ಕಣ್ಲಾ ನೀನು! ಮರ್ತ್‌ಬುಟ್ಯಾ?”

(ಇದು ಬರೆದುಕೊಟ್ಟ ಮಾತಲ್ಲ. ದನಿಯಲ್ಲಿ ನಿಜವಾದ ಬಿಸಿಯಿತ್ತು.)

ಚಂದ್ರು ಬೆವೆತ. ಮೆಲ್ಲನೆ ಕೂತ. “ಉಂಡಿದ್ಕೇ ಎದ್ ನಿಂತ್ಕಂಡೆ. ಕೂತ್ಕ, ಕಾಪಿ ಕುಡಿ. ಸರ್ದಿ ಬ್ಯಾರೆಯೋರ್ದು ಚಿಕ್ಕಪ್ಪ. ನಂದಲ್ದಿದ್ದ ನಾ ಎಂಗ್ ಕೊಡ್ಲಿ?”

ಬೋರೇಗೌಡ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಮರ್ಯಾದೆ ಬಿಡದೆ, ಸರದಿಯನ್ನೂ ಮುರಿಯದೆ ‘ಇಲ್ಲ’ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಬಾಯಿಪಾಠ ಮಾಡಿದ ನೋಟ್ಸನ್ನು ಪರೀಕ್ಷೆಯಲ್ಲಿ ಬರೆದುಬಿಡಬಹುದು. ಚಿಕ್ಕಪ್ಪನ ಮುಖ ನೋಡಿಕೊಂಡು ಹೇಳುವುದಕ್ಕೆ ಅಭ್ಯಾಸ ಬೇಕು. ನಾಳೆ ನಮ್ಮ ಬ್ಯಾಂಕು, ಸೊಸೈಟಿಗಳ ಕುರ್ಚಿಯಲ್ಲಿ ಕೂರುವವರು ಈ ಹುಡುಗರೇ ತಾನೆ?

“ನಿಲ್ಲಿಸಲೇ ಸಾರ್?” ಪ್ರಿನ್ಸಿಪಾಲರು ಕೇಳಿದರು.

“ಬೇಡ. ಟೈಮ್‌ಟೇಬಲ್‌ಗೆ ಸೇರಿಸಿ. ಗಂಟೆ ಹೊಡೆದ ಕೂಡಲೇ ಶುರುವಾಗಬೇಕು, ಅಷ್ಟೆ.”

ಲೆಕ್ಚರರ್ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು.

ಸಂಜೆ ಮಂಡ್ಯದ ಬಸ್ಸಿಗೆ ಉದ್ದನೆಯ ಕ್ಯೂ. ಕಂಡಕ್ಟರ್ ನನ್ನ ಹಳೆಯ ಶಿಷ್ಯ. “ಮೇಷ್ಟ್ರೇ, ಅಷ್ಟ್ ಇಂದೆ ಯಾಕ್ ನಿಂತಿದ್ದೀರಿ? ಬನ್ನಿ, ಮುಂದ್ಗಡೆ ಸೀಟದೆ!” ಎಂದು ಕೂಗಿದ.

ಮುಂದೆ ನಿಂತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನೀವಾಗಿದ್ದರೆ ಹತ್ತುತ್ತಿದ್ದಿರಾ?