ನನ್ನ ಸ್ಕೂಟರ್ ಹಿಂದೆ ಬಂದ ಮನೆ

"ಡೇಯ್ ತಂಬಿ, ನಿಲ್ಲು! ವೀಡು ಪೋಚು!" ಎಂದು ಹಿಂದಿನಿಂದ ತಮಿಳಿನಲ್ಲಿ ಕೂಗು ಕೇಳಿತು. ಈ ಮಳೆಯಲ್ಲಿ ಯಾರದೋ ಮನೆ ಹೋಯಿತು, ಪಾಪ ಎಂದುಕೊಂಡು ನಾನು ಸ್ಕೂಟರಿಗೆ ಇನ್ನಷ್ಟು ವೇಗ ಕೊಟ್ಟೆ. ತಿರುಗಿ ನೋಡಿದರೆ ಆ ಮನೆ ನನ್ನ ಹಿಂದೆಯೇ ಬರುತ್ತಿತ್ತು!

ಸೌಕಾರ್‌ಪೇಟೆಯ ಫುಟ್‌ಪಾತಿನಲ್ಲಿ ವಾಸಿಸುವ ಅಜ್ಜಿಯೊಬ್ಬರು ತಮ್ಮ ನೀಲಿ ಟಾರ್ಪಾಲಿನ ಒಂದು ಮೂಲೆಯನ್ನು ಅಲ್ಲಿ ನಿಂತಿದ್ದ ನನ್ನ ಸ್ಕೂಟರಿಗೆ ಕಟ್ಟಿದ್ದರು. ಹೆಲ್ಮೆಟ್ಟಿನೊಳಗೆ ಹಾಡಿಕೊಳ್ಳುತ್ತಾ ಬಂದ ಈ ಮಹಾಶಯ ಅದನ್ನು ನೋಡದೆ, ಚಾವಣಿ ಸಮೇತ ಹೊರಟಿದ್ದ. ಹಗ್ಗ ಚಕ್ರಕ್ಕೆ ಸುತ್ತಿ ತುಂಡಾಗಿತ್ತು. ಅಜ್ಜಿಯ ಮಡಿಲಲ್ಲಿದ್ದ ಪುಟ್ಟ ಮೊಮ್ಮಗಳ ಮೇಲೆ ಮಳೆ ಸುರಿಯುತ್ತಿತ್ತು.

ಟಾರ್ಪಾಲು ಎಳೆದುಕೊಂಡು ಓಡೋಡಿ ಬಂದು ಕೈ ಮುಗಿದೆ.

"ಸಾರಿ ಆಮೇಲೆ ಹೇಳು ತಂಬಿ, ಮೊದಲು ಎತ್ತಿ ಹಿಡಿ!" ಎಂದರು ಅಜ್ಜಿ.

ಹಿಡಿದೆ. ನೀರು ಅಂಗಿಯ ತೋಳಿನಿಂದ ಇಳಿದು ಪ್ಯಾಂಟಿನೊಳಗೆ ಪ್ರವಾಸ ಹೊರಟಿತು. ತೋಳು ಸ್ವಲ್ಪ ಸೋತರೂ ಅಜ್ಜಿ, "ತಂಬೀ, ಮನೆ ಬಗ್ಗುತ್ತಿದೆ! ತೆಂಗಿನ ಮರದ ಹಾಗೆ ಬೆಳೆದದ್ದು ಮತ್ತೆ ಯಾವುದಕ್ಕೆ?" ಎಂದು ನಗುತ್ತಿದ್ದರು. ಎದುರಿನ ಅಂಗಡಿಯವರು ಹೊಸ ಹಗ್ಗ ತಂದುಕೊಡುವಷ್ಟರಲ್ಲಿ ಮಗು ಅಳು ನಿಲ್ಲಿಸಿ, ನನ್ನ ಕಂಕುಳ ಕೆಳಗೆ ಹಾಯಾಗಿ ನಿದ್ದೆ ಹೋಗಿತ್ತು.

ಮರುದಿನ ನನಗೆ ಕೈ ಎತ್ತಲಾಗದೆ ಅಮ್ಮನೇ ತಲೆ ಬಾಚಿದಳು. ಈಗ ಮಳೆ ಶುರುವಾದರೆ ಮನೆಯವರೆಲ್ಲ ಕಿಟಕಿ ಮುಚ್ಚಲು ಓಡುತ್ತಾರೆ, ನಾನು ತಲೆಯೆತ್ತಿ ನೋಡುತ್ತೇನೆ. ಚಾವಣಿ ಅಲ್ಲೇ ಇರುತ್ತದೆ, ಯಾರೂ ಹಿಡಿದುಕೊಂಡಿರುವುದಿಲ್ಲ.