ಉಶ್ ಸಾಹೇಬರ ಗಿಟಾರು

ನಗರಸಭೆಯಲ್ಲಿ ಗದ್ದಲದ ದೂರುಗಳನ್ನು ವಿಚಾರಿಸುವುದೇ ಅವರ ಕೆಲಸ. ಎದುರಿಗೆ ಇನ್‌ಸ್ಪೆಕ್ಟರ್ ಸಾಹೇಬರು, ಬೆನ್ನ ಹಿಂದೆ ಉಶ್ ಸಾಹೇಬರು. ಶಬ್ದ ಅಳೆಯುವ ಮೀಟರು ಹಿಡಿದು ಅವರು ಬೀದಿಗಿಳಿದರೆಂದರೆ ವರ್ಕ್‌ಶಾಪಿನ ಸುತ್ತಿಗೆಗಳೂ ತೆಪ್ಪಗಾಗುತ್ತಿದ್ದವು. ಮನೆಯಲ್ಲಿ ಮಿಕ್ಸಿಯ ಅಡಿಗೆ ಮಡಚಿದ ಟವೆಲು, ಕುರ್ಚಿಯ ಕಾಲುಗಳಿಗೆ ರಬ್ಬರ್ ಟೋಪಿ. ಸಂಗೀತದ ವಿಷಯದಲ್ಲಿ ಅವರಿಗೆ ಪಕ್ಷಪಾತವಿರಲಿಲ್ಲ, ಯಾವುದೂ ಬೇಡ.

ಐವತ್ತಾರು ತುಂಬಿದ ಮೇಲೆ ಒಂದು ದಿನ, ಚಪ್ಪಲಿ ಅಂಗಡಿಯವನ ದೂರಿನ ಮೇರೆಗೆ ಅವನ ಅಂಗಡಿಯ ಮಹಡಿ ಹತ್ತಿದರು. ಅಲ್ಲಿ ತರುಣಿಯೊಬ್ಬಳು ಹಲಗೆಯ ಮೇಲೆ ಹಿಮ್ಮಡಿ ಕುಟ್ಟಿ ಕುಣಿಯುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ನರೆಗೂದಲಿನ ಹೆಂಗಸೊಬ್ಬರು ಆ ಸ್ಪೇನ್ ದೇಶದ ಕುಣಿತಕ್ಕೆ ಫ್ಲಮೆಂಕೊ ಗಿಟಾರ್ ನುಡಿಸುತ್ತಿದ್ದರು. ಮುಷ್ಟಿಯಿಂದ ಬೆರಳುಗಳು ಒಂದರ ಹಿಂದೊಂದು ಸಿಡಿದು ತಂತಿಗಳ ಮೇಲೆ ಬೀಳುತ್ತಿದ್ದವು; ನಡುನಡುವೆ ಉಗುರು ಮರವನ್ನೇ ಟಕ್ಕೆಂದು ಬಡಿಯುತ್ತಿತ್ತು. ಮೀಟರಿನ ಅಂಕಿ ಮಿತಿ ದಾಟಿತು. ಸಾಹೇಬರು ನೋಡಲಿಲ್ಲ. ಮೈ ಜುಮ್ಮೆಂದು, ಬಾಯಿ ಬಿಟ್ಟುಕೊಂಡು ನಿಂತೇ ಇದ್ದರು.

"ಸ್ವಲ್ಪ ಮೆಲ್ಲಗೆ ನುಡಿಸೋಕಾಗಲ್ವಾ ಮೇಡಂ?" ಎಂದರು ಕೊನೆಗೆ, ಬಂದ ಕೆಲಸ ನೆನಪಾಗಿ.

"ಆಗುತ್ತೆ. ಆದ್ರೆ ಆಗ ನೀವು ಹೀಗೆ ನಿಲ್ತಿರಲಿಲ್ಲ."

ಸಾಹೇಬರು ನೋಟಿಸು ಕೊಟ್ಟರು. ಕಿಟಕಿಗೆ ದಪ್ಪ ಪರದೆ, ಹಲಗೆಯ ಅಡಿಗೆ ರಬ್ಬರ್ ಹಾಸು ಕಡ್ಡಾಯ. ಪಾಲಿಸಿದ್ದಾರೋ ಇಲ್ಲವೋ ನೋಡಲು ಮರುವಾರ ಹೋದರು. ಪಾಲಿಸಿದ್ದರು. ಮುಂದಿನ ವಾರ ನೋಡುವುದಕ್ಕೇನೂ ಉಳಿದಿರಲಿಲ್ಲವಾದ್ದರಿಂದ ಶಿಷ್ಯರಾಗಿ ಸೇರಿಕೊಂಡರು.

ಬಲಗೈ ಉಗುರು ಬೆಳೆಸಿದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಉಗುರು ಗಟ್ಟಿಯಾಗುವ ಮುಲಾಮು ತಂದುಕೊಟ್ಟಳು. "ಯಾರಿಗೆ ಅಂತ ಕೇಳಿದ್ರು. ನಮ್ಮಕ್ಕಂಗೆ ಅಂದೆ," ಎಂದಳು. ಪಾಠ ಮಾತ್ರ ತಲೆಗೆ ಹತ್ತಲೊಲ್ಲದು. ತಾಳದ ಎಣಿಕೆ ಹನ್ನೆರಡೇ, ಆದರೆ ಒತ್ತು ಎಲ್ಲೆಲ್ಲೋ ಬೀಳುತ್ತಿತ್ತು. ಸಾಲದ್ದಕ್ಕೆ ಮೇಡಂ, "ನೀವು ತಂತಿ ಬಾರಿಸ್ತಿಲ್ಲ ಸಾರ್, ಅದರ ಹತ್ರ ಕ್ಷಮೆ ಕೇಳ್ತಿದ್ದೀರಿ," ಎಂದುಬಿಟ್ಟರು.

ಅವತ್ತಿನಿಂದ ಸಾಹೇಬರು ಮನೆಯಲ್ಲಿ ಕ್ಷಮೆ ಕೇಳುವುದನ್ನು ಬಿಟ್ಟರು. ಹದಿನೈದು ದಿನ ಕಳೆದಿರಬೇಕು, ಕಚೇರಿಯಲ್ಲಿ ಎದುರಿನ ಕುರ್ಚಿಯಲ್ಲಿ ಯಾರೋ ಕೂತರು.

"ದೂರು ಕೊಡಬೇಕಿತ್ತು."

"ಯಾರ ಮೇಲಮ್ಮಾ?" ತಲೆ ಎತ್ತದೆ ಕೇಳಿದರು.

"ನಮ್ಮನೆಯವರ ಮೇಲೆ."

ಸಾಹೇಬರು ತಲೆ ಎತ್ತಿದರು. "ಮನೇಲೇ ಹೇಳಬಹುದಿತ್ತಲ್ಲೇ!"

"ಹೇಳ್ದೆ. ಆ ಸದ್ದಲ್ಲಿ ನಿಮಗೆ ಕೇಳಿಸ್ಲಿಲ್ಲ."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮುವ ನೆಪ ಮಾಡಿ ಎದ್ದು ಹೋದ. ಕಾಯಿದೆ ಕಾಯಿದೆಯೇ. ಸಂಜೆ ಸಾಹೇಬರು ಮೀಟರನ್ನು ಹೆಂಡತಿಯ ಕೈಗಿತ್ತು, ತಾವು ಗಿಟಾರು ಬಾರಿಸಿ, ತಮ್ಮನ್ನೇ ತಪ್ಪಿತಸ್ಥರೆಂದು ತೀರ್ಮಾನಿಸಿದರು. ಹಾಸಿಗೆ ಕಂಬಳಿ ಒಟ್ಟಿದ್ದ ಕತ್ತಲೆ ಕೋಣೆಗೆ ಅಭ್ಯಾಸ ವರ್ಗವಾಯಿತು.

ವರ್ಷ ತುಂಬುವ ಹೊತ್ತಿಗೆ ಆ ತರುಣಿಯ ಕುಣಿತಕ್ಕೆ ನುಡಿಸುವ ಪಾಳಿ ಅವರಿಗೆ ಬಂತು. ಚಿಕ್ಕ ಸಭಾಂಗಣ, ತುಂಬಿದ ಕುರ್ಚಿಗಳು. ಅರ್ಧ ದಾರಿಯಲ್ಲಿ ಎಣಿಕೆ ತಪ್ಪಿತು. ಸಾಹೇಬರ ಕೈ ನಿಂತೇ ಹೋಯಿತು. ಕುಣಿಯುತ್ತಿದ್ದವಳೂ ತಟ್ಟನೆ ನಿಂತಳು. ಅವರನ್ನೇ ದುರುಗುಟ್ಟಿ ನೋಡಿದಳು. ಕಡೆಗೆ ಅವಳು ಹಿಮ್ಮಡಿಯಿಂದ ನೆಲ ಗುದ್ದಿ ಎಣಿಕೆ ಕೊಟ್ಟಳು. ಸಾಹೇಬರು ಮುಳುಗುವವನು ಹಗ್ಗ ಹಿಡಿದಂತೆ ಅದನ್ನು ಹಿಡಿದುಕೊಂಡರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಹೊರಗೆ ಬಂದಾಗ ಹಿರಿಯರೊಬ್ಬರು ಕೈ ಹಿಡಿದುಕೊಂಡರು. "ನಡುವೆ ನಿಲ್ಲಿಸಿದ್ರಲ್ಲ ಸಾರ್, ಉಸಿರೇ ನಿಂತುಹೋಯ್ತು ನೋಡಿ! ಎಷ್ಟು ವರ್ಷದ ಸಾಧನೆ?"

"ಇಲ್ಲ ಸಾರ್, ಅದು ಎಣಿಕೆ ತಪ್ಪಿ..." ಎನ್ನುವಷ್ಟರಲ್ಲಿ ಹೆಂಡತಿ ಸೊಂಟಕ್ಕೆ ಚಿವುಟಿದಳು.

"ಬಹಳ ಕಷ್ಟಪಟ್ಟಿದ್ದಾರೆ," ಎಂದಳು ತಾನೇ.

ಮೇಡಮ್ಮಿಗೂ ಆ ನಿಲುಗಡೆ ಮೆಚ್ಚಾಗಿ, ಮುಂದಿನ ಕಾರ್ಯಕ್ರಮಕ್ಕೂ ಇರಲಿ ಎಂದರು. ಸಾಹೇಬರು ಈಗ ಅದನ್ನೇ ಕಲಿಯುತ್ತಿದ್ದಾರೆ. ಎಣಿಕೆ ಮಾತ್ರ ಒಮ್ಮೆಯೂ ಬೇಕಾದ ಜಾಗದಲ್ಲಿ ತಪ್ಪುತ್ತಿಲ್ಲ.